ಚಿಗರಿಯ ಬಯಲಿನಲ್ಲಿ ಒಂದು ಭಾನುವಾರ

ಸೊಲ್ಲಾಪುರದ ಸೀಮೆಯನ್ನು ನೋಡಲು ಬಂದವರು ಸಿದ್ಧರಾಮೇಶ್ವರರ ಗುಡಿಯನ್ನೂ ಅದನ್ನು ಸುತ್ತಿದ ಕೆರೆಯನ್ನೂ ಭುಯಿಕೋಟ ಕಿಲ್ಲೆಯನ್ನೂ ನೋಡುತ್ತಾರೆ. ಅಲ್ಲಿಂದ ಅಕ್ಕಲಕೋಟೆಗೆ ಹೋಗಿ ಸ್ವಾಮಿ ಸಮರ್ಥರ ದರ್ಶನ ಮಾಡಿಕೊಂಡು ಊರಿಗೆ ತಿರುಗುತ್ತಾರೆ. ನಡುವಿನ ಬಯಲನ್ನು ನೋಡಬೇಕೆಂದು ಯಾರಿಗೂ ಅನಿಸುವುದಿಲ್ಲ. ಅದರಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವುದೂ ಕಷ್ಟ. ಒಂದು ಕಡೆ ಎರೆಭೂಮಿ, ಇನ್ನೊಂದು ಕಡೆ ಮೊಣಕಾಲೆತ್ತರದ ಹುಲ್ಲು ಬೆಳೆಯುವ ಕಲ್ಲುಮಾಳ, ಅಲ್ಲಲ್ಲಿ ಒಂದು ಬೇವು, ಒಂದು ಜಾಲಿ. ಈ ಬಯಲಿನ ಹಳೆಯ ಒಕ್ಕಲು ಚಿಗರಿ. ಪುಸ್ತಕದ ಕನ್ನಡದಲ್ಲಿ ಅದು ಕೃಷ್ಣಮೃಗ, ಮರಾಠಿಯಲ್ಲಿ ಕಾಳವೀಟ.

ಅಕ್ಕಲಕೋಟೆ ತಾಲೂಕಿನ ಒಬ್ಬ ರೈತರು ಕಳೆದ ಹಿಂಗಾರಿಯಲ್ಲಿ ನನ್ನ ಕಚೇರಿಗೆ ಬಂದಿದ್ದರು. ಜತೆಯಲ್ಲಿ ಕನ್ನಡ ಶಾಲೆಯ ಒಂಬತ್ತನೆಯ ಇಯತ್ತೆಯಲ್ಲಿ ಓದುವ ಮಗನಿದ್ದ. "ಸಾಹೇಬ್ರ, ನಸುಕಿನ್ಯಾಗ ಚಿಗರಿ ಹಿಂಡು ಬಂದು ಕಡಲಿ ಮೇದು ಹೋಗ್ತಾವ್ರೀ. ಎರಡು ಎಕರೆ ಸಾಫ್ ಆಗೇದ. ಯಾವ ಬಂದೂಕು ತಗೊಂಡ್ರ ಚಲೋ, ಲೈಸೆನ್ಸಿಗೆ ಎಷ್ಟು ದಿವಸ ಹಿಡೀತದ, ಹೇಳ್ರಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ, "ಕಾಕಾ, ವಿಂಚೆಸ್ಟರ್ ತಗೋಬೇಕ್ರೀ. ಆಂಡರ್ಸನ್ ಸಾಹೇಬರ ಕಡೆ ಅದೇ ಇತ್ತು" ಎಂದ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಅವನ ಕೈಗೆ ಸಿಕ್ಕಿತ್ತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರ ಬಂದೂಕು ಯಾವುದೆಂಬುದನ್ನೂ ಎಲ್ಲಿಂದಲೋ ಪತ್ತೆ ಮಾಡಿಕೊಂಡಿದ್ದ.

ತಂದೆಯ ಪ್ರಶ್ನೆ ಎರಡು ಎಕರೆ ಕಡಲೆಯದು. ಮಗನ ಉತ್ತರ ಪುಸ್ತಕದ್ದು. ಎರಡಕ್ಕೂ ಮರ್ಯಾದೆಯ ಸಮಾಧಾನ ಕೊಡಬೇಕಾದರೆ ಹೊಲವನ್ನೂ ಪ್ರಾಣಿಯನ್ನೂ ಕಣ್ಣಾರೆ ನೋಡುವುದು ಲೇಸೆಂದು ಒಂದು ಭಾನುವಾರ ಗೊತ್ತುಮಾಡಿದೆವು. ಮೊದಲು ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜ, ಅಲ್ಲಿಂದ ಹಿಂತಿರುಗಿ ಅಕ್ಕಲಕೋಟೆಯ ಕಡೆಗೆ.

ನಾನ್ನಜ ಬಾರ್ಶಿಯ ದಾರಿಯಲ್ಲಿ ಸುಮಾರು 20 ಕಿ.ಮೀ. ದೂರ. ನಾವು ಎರೆಭೂತವೆನ್ನುವ, ಮರಾಠಿಗರು ಮಾಳಢೋಕ ಎನ್ನುವ ದೊಡ್ಡ ಹಕ್ಕಿಗಾಗಿ 1979ರಲ್ಲಿ ಇಲ್ಲಿ ಅಭಯಾರಣ್ಯವಾಯಿತು. ಹಕ್ಕಿ ಈಗ ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಅದಕ್ಕೆಂದು ಕಾಯ್ದಿಟ್ಟ ಹುಲ್ಲಿನಲ್ಲಿ ಚಿಗರಿ ಬೆಳೆದಿದೆ, ಅದರ ಬೆನ್ನಿಗೆ ತೋಳವೂ ಇದೆ. ಬೆಳಗಿನ ಬಿಸಿಲಿನಲ್ಲಿ ಮೂವತ್ತರಷ್ಟು ಚಿಗರಿಗಳ ಹಿಂಡೊಂದು ಮೇಯುತ್ತಿತ್ತು. ಬೆನ್ನು ಕಪ್ಪು, ಹೊಟ್ಟೆ ಬೆಳ್ಳಗೆ, ತಿರುಪು ತಿರುಪಾದ ಕೋಡು ಹೊತ್ತ ಗಂಡು ಒಂದೇ. ಉಳಿದವು ಕೋಡಿಲ್ಲದ ಕಂದು ಹೆಣ್ಣುಗಳು, ಮರಿಗಳು. ನಾವು ನಡೆದು ಹೋದಷ್ಟೂ ಅವು ದೂರ ಸರಿದವು. ಇನ್ನೂರು ಗಜಕ್ಕಿಂತ ಹತ್ತಿರ ಬರಗೊಡಲಿಲ್ಲ. ಒಮ್ಮೆ ಬೆದರಿ ಜಿಗಿದವೆಂದರೆ ಗಂಟೆಗೆ 80 ಕಿ.ಮೀ. ವೇಗಕ್ಕೆ ಹತ್ತಿರವಾಗಿ ಓಡಬಲ್ಲ ಪ್ರಾಣಿ ಇದು.

ನಾವೆಲ್ಲ ಇದನ್ನು ಜಿಂಕೆ ಎಂದುಬಿಡುತ್ತೇವೆ. ಶಾಸ್ತ್ರದ ಪ್ರಕಾರ ಇದು ಜಿಂಕೆಯಲ್ಲ. ಜಿಂಕೆಯ ಕೋಡು ಕವಲೊಡೆಯುತ್ತದೆ, ಕಾಲಕಾಲಕ್ಕೆ ಉದುರಿ ಮತ್ತೆ ಬರುತ್ತದೆ; ಚಿಗರಿಯದು ದನದ ಕೋಡಿನ ಹಾಗೆ ಒಳಗೆ ಎಲುಬು, ಮೇಲೆ ಚಿಪ್ಪು, ಬದುಕಿರುವತನಕ ಒಂದೇ. ಈ ವ್ಯತ್ಯಾಸ ಪಾಠದ ಪುಸ್ತಕಕ್ಕೆ ಮಾತ್ರವಲ್ಲ, ಅರ್ಜಿಗೂ ಬೇಕಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತು ಹುಡುಗನ ವಿಂಚೆಸ್ಟರಿನ ವಿಚಾರ ತೆಗೆದೆವು. ಅದು ಲೀವರ್ ಆಕ್ಷನ್ ರೈಫಲ್, ಅಂದರೆ ಸನ್ನೆಯ ಬಂದೂಕು. ಕುದುರೆಯ ಕೆಳಗೆ ಬೆರಳು ತೂರುವ ಒಂದು ಬಳೆಯಂಥ ಹಿಡಿಕೆ ಇರುತ್ತದೆ. ಅದನ್ನು ಕೆಳಕ್ಕೂ ಮುಂದಕ್ಕೂ ದೂಡಿದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ. ಹಿಂದಕ್ಕೆ ಎಳೆದರೆ ಹೊಸ ತೋಟಾ ನಳಿಗೆಯನ್ನು ಸೇರುತ್ತದೆ. ಕೈ ಪಳಗಿದವನು ಬಂದೂಕನ್ನು ಭುಜದಿಂದ ಇಳಿಸದೆ ಒಂದರ ಹಿಂದೊಂದು ಹೊಡೆಯಬಲ್ಲ. ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಕುಶಲಿ ರೂಪಿಸಿದ 1894ರ ವಿಂಚೆಸ್ಟರ್ ಈ ಜಾತಿಯಲ್ಲಿ ಅತ್ಯಂತ ಪ್ರಸಿದ್ಧ. ಮರುವರ್ಷ ಅದಕ್ಕೆ ಥರ್ಟಿ-ಥರ್ಟಿ ಎಂಬ ತೋಟಾ ಬಂತು. ಅಮೆರಿಕದ ಜಿಂಕೆ ಬೇಟೆಗಾರರು ಇಂದಿಗೂ ಈ ಜೋಡಿಯನ್ನು ಬಿಟ್ಟಿಲ್ಲ. ಹಗುರ, ಗಿಡ್ಡ, ಪೊದೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಅಲ್ಲಿನ ದಟ್ಟ ಕಾಡಿನಲ್ಲಿ ಜಿಂಕೆ ಕಾಣಿಸುವುದೇ ಐವತ್ತು, ನೂರು ಗಜದಲ್ಲಿ. ಅಷ್ಟು ದೂರಕ್ಕೆ ಇದಕ್ಕಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ.

ಆದರೆ ಒಂದು ತೊಡಕಿದೆ. ಈ ಬಂದೂಕಿನ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಮಲಗುತ್ತವೆ. ಹಿಂದಿನ ಗುಂಡಿನ ತುದಿ ಮುಂದಿನ ತೋಟಾದ ಕೇಪಿಗೆ ತಾಗಿಕೊಂಡಿರುತ್ತದೆ. ಗುಂಡು ಚೂಪಾಗಿದ್ದರೆ, ಒದೆತಕ್ಕೆ ಒಳಗೇ ಸಿಡಿಯುವ ಅಪಾಯ. ಆದ್ದರಿಂದ ತುದಿ ಚಪ್ಪಟೆಯಾದ ಗುಂಡನ್ನೇ ಹಾಕಬೇಕು. ಚಪ್ಪಟೆ ಗುಂಡು ಗಾಳಿಯಲ್ಲಿ ಬೇಗ ಸೊರಗುತ್ತದೆ, ದೂರ ಹೋದಂತೆ ಕೆಳಗಿಳಿಯುತ್ತದೆ. ನಮ್ಮೆದುರಿನ ಹಿಂಡು ಇನ್ನೂರು ಗಜದಾಚೆ! ಇಂಥ ಬಯಲಿಗೆ ಬೇಕಾದದ್ದು ಚೂಪುಗುಂಡನ್ನು ನೇರವಾಗಿ ಒಯ್ಯುವ ಬೋಲ್ಟ್ ರೈಫಲ್. ಚೂಪುಗುಂಡು ಹಾಕಲು ಬರುವ ಸನ್ನೆಯ ಬಂದೂಕುಗಳೂ ಇಲ್ಲದಿಲ್ಲ. 1899ರ ಸ್ಯಾವೇಜ್ ಅಂಥದು, ಅದರಲ್ಲಿ ತೋಟಾಗಳು ಸಾಲಾಗಿ ಮಲಗದೆ ಚಕ್ರದಲ್ಲಿ ಕೂರುತ್ತವೆ. ಆಯ್ಕೆಯೇ ಮಾಡಬೇಕೆಂದರೆ ನಾನು ಅದರ ಪರ.

ಹುಡುಗನ ಆಂಡರ್ಸನ್ನರದು 1895ರ ವಿಂಚೆಸ್ಟರ್, .405ರ ತೋಟಾದ್ದು. ಅದರಲ್ಲಿ ಕೊಳವೆಯಿಲ್ಲ, ಪೆಟ್ಟಿಗೆಯಿದೆ. ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಸಿಂಹ ಹೊಡೆಯಲು ಒಯ್ದದ್ದೂ ಇದೇ. ದಕ್ಷಿಣದ ಕಾಡುಗಳಲ್ಲಿ ನರಭಕ್ಷಕನು ಹತ್ತಿಪ್ಪತ್ತು ಗಜದಲ್ಲಿ ಎದುರಾದಾಗ ಭಾರವಾದ ಗುಂಡೂ ತಡವಿಲ್ಲದ ಎರಡನೆಯ ಏಟೂ ಜೀವ ಉಳಿಸುವ ಸಾಧನ. ನಲವತ್ತು ಕಿಲೋ ತೂಗದ, ಹುಲ್ಲು ತಿನ್ನುವ ಪ್ರಾಣಿಗೆ ಅದು ಏತಕ್ಕೆ? ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೊದಲಿನವರು ಚಿಗರಿ ಹೆಂಗ ಹೊಡೀತಿದ್ರು, ಕಾಕಾ?" ಎಂದ.

ಇಂಗ್ಲಿಷರ ಕಾಲದ ಬೇಟೆಗಾರರಿಗೆ ಒಂದು ಉಪಾಯ ಗೊತ್ತಿತ್ತು. ಮನುಷ್ಯನನ್ನು ಕಂಡು ಓಡುವ ಚಿಗರಿ ಚಕ್ಕಡಿಯನ್ನು ಕಂಡು ಓಡುವುದಿಲ್ಲ. ಎತ್ತಿನ ಬಂಡಿಯ ಮರೆಯಲ್ಲಿ ಸುತ್ತುಬಳಸಿ ಸಾಗುತ್ತ ನೂರು ಗಜದೊಳಗೆ ಬರುತ್ತಿದ್ದರು. ಕೊಲ್ಹಾಪುರದ ಅರಸರು ಬಂದೂಕನ್ನೂ ಬಿಟ್ಟು, ಪಳಗಿಸಿದ ಚೀತಾಗಳನ್ನು ಚಿಗರಿಯ ಮೇಲೆ ಬಿಡುತ್ತಿದ್ದರು. ನಮ್ಮ ದೇಶದ ಚೀತಾ ವಿರಳವಾದ ಮೇಲೆ ಆಫ್ರಿಕದಿಂದ ತರಿಸಿದರು. ಇವರೆಲ್ಲರಿಗಿಂತ ಚಿಗರಿಯನ್ನು ಬಲ್ಲವರು ಬೇರೆಯೇ ಇದ್ದರು. ಮರಾಠಿಯಲ್ಲಿ ಫಾಸೆಪಾರಧಿ, ನಮ್ಮಲ್ಲಿ ಹರಣಶಿಕಾರಿ ಎಂದು ಕರೆಯಲಾಗುವ ಜನ. ಅವರ ಕೈಯಲ್ಲಿದ್ದದ್ದು ಉರುಲು ಮಾತ್ರ. ಚಿಗರಿ ಯಾವ ಹೊತ್ತಿಗೆ ಯಾವ ಜಾಡಿನಲ್ಲಿ ನಡೆಯುತ್ತದೆಂಬ ತಿಳಿವಳಿಕೆಯೇ ಅವರ ಆಯುಧ. ಅರಸರ ಬೇಟೆ ಕ್ರೀಡೆಯಾಯಿತು. ಇವರನ್ನು ಅಪರಾಧಿ ಬುಡಕಟ್ಟುಗಳ ಕಾನೂನಿನಡಿ ಹುಟ್ಟಿನಿಂದಲೇ ಕಳ್ಳರೆಂದು ಬರೆದರು. ಆ ಕಾನೂನಿನ ತಂತಿಬೇಲಿಯ ವಸತಿಯೊಂದು ಸೊಲ್ಲಾಪುರದಲ್ಲಿಯೇ ಇತ್ತು. ಹಳಬರು ಆ ಭಾಗವನ್ನು ಈಗಲೂ ಸೆಟಲ್‌ಮೆಂಟ್ ಎನ್ನುತ್ತಾರೆ. ಕಾನೂನು ರದ್ದಾದದ್ದು 1952ರಲ್ಲಿ. ಬೇಟೆಯ ಇತಿಹಾಸ ಬರೆಯುವವರು ಬಂದೂಕಿನ ಅಂಗಡಿಗಳ ಹೆಸರನ್ನೆಲ್ಲ ಬರೆದು ಈ ಜನರನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಮಧ್ಯಾಹ್ನ ಸೊಲ್ಲಾಪುರಕ್ಕೆ ತಿರುಗಿ, ಕುಂಭಾರಿ, ವಳಸಂಗ ದಾಟಿ ಅಕ್ಕಲಕೋಟೆಗೆ ಬಂದೆವು. ಭೋಸಲೆ ಮನೆತನದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆಯ ಶಸ್ತ್ರಾಗಾರ ಮಾತ್ರ ಉಳಿದಿದೆ. ಕತ್ತಿ, ಕಠಾರಿ, ಭರ್ಚಿ, ಢಾಲು, ಬಂದೂಕುಗಳು ಗೋಡೆ ತುಂಬ. ಹುಡುಗ ಒಂದೊಂದರ ಮುಂದೆಯೂ ನಿಂತ. ತಂದೆ ಬಾಗಿಲಲ್ಲಿಯೇ ನಿಂತು ಎರಡು ಸಲ ಹೊತ್ತು ನೋಡಿದರು. ಅವರ ಮನಸ್ಸೆಲ್ಲ ಹೊಲದಲ್ಲಿತ್ತು.

ಹೊಲಕ್ಕೆ ಹೋಗುವ ದಾರಿಯಲ್ಲಿ ಅವರಿಗೆ ಕಾನೂನನ್ನು ಹೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆರಕ್ಷಣೆಗೆ ಪರವಾನಗಿ ಕೊಡಲು ಅವಕಾಶವಿದೆ. ಆದರೆ ಅದು ರೈಫಲಿಗಲ್ಲ. ಬಾಯಿಂದ ಮದ್ದು ತುಂಬುವ ಬಂದೂಕಿಗೆ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ತಿರುಪಿಲ್ಲದ ನಳಿಗೆಯ ಬೇರೊಂದಕ್ಕೆ. ಇದರಲ್ಲಿ ವಿವೇಕವಿದೆ. ರೈಫಲಿನ ಗುಂಡು ಗುರಿ ತಪ್ಪಿದರೆ ಮೈಲಿಗಟ್ಟಲೆ ಹಾರುತ್ತದೆ. ಗುಡ್ಡವಿಲ್ಲದ ನಮ್ಮ ಬಯಲಿನಲ್ಲಿ ಅದನ್ನು ತಡೆಯುವುದು ಯಾವುದು? ಪಕ್ಕದ ಹೊಲದಲ್ಲಿ ಜೋಳ ಕಾಯುವವನೋ, ಕುರಿ ಹಟ್ಟಿಯ ಮುದುಕನೋ!

"ಹಂಗಾದ್ರ ಮದ್ದಿನ ಬಂದೂಕರ ಕೊಡಸ್ರಿ" ಎಂದರು. ಅಲ್ಲಿಯೇ ಇರುವುದು ಕಗ್ಗಂಟು. ಒಂದು ಕಾಯ್ದೆ ಬೆಳೆ ಕಾಯಲು ಬಂದೂಕು ಕೊಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಬಂದೂಕಿನಿಂದ ಚಿಗರಿಯನ್ನು ಹೊಡೆಯಗೊಡುವುದಿಲ್ಲ. ಚಿಗರಿ ಮೊದಲನೆಯ ಅನುಸೂಚಿಯ ಪ್ರಾಣಿ. ಬೇರೆ ಕೆಲವು ಪ್ರಾಣಿಗಳು ನಿಂತ ಬೆಳೆಗೆ ಹಾನಿ ಮಾಡಿದರೆ ಅವನ್ನು ಹೊಡೆಯಲು ಮುಖ್ಯ ವನ್ಯಜೀವಿ ಪಾಲಕರು ಅನುಮತಿ ಕೊಡಬಹುದು. ಮೊದಲನೆಯ ಅನುಸೂಚಿಗೆ ಬೆಳೆಹಾನಿ ಕಾರಣವೇ ಅಲ್ಲ. ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾಗಿರಬೇಕು, ಇಲ್ಲವೇ ಗುಣವಾಗದ ರೋಗ, ಗಾಯದಿಂದ ನರಳುತ್ತಿರಬೇಕು. ಕಡಲೆ ಮೇದ ಚಿಗರಿಯಿಂದ ಜೀವಾಪಾಯವೆಂದು ಯಾವ ವಕೀಲನೂ ವಾದಿಸಲಾರ. ಹೊಡೆದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳರವರೆಗಿನ ಸಜೆ. 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಂದೂಕಿನ ಪರವಾನಗಿ ರದ್ದು. 1998ರಲ್ಲಿ ಜೋಧಪುರದ ಹತ್ತಿರ ನಡೆದ ಕೃಷ್ಣಮೃಗದ ಬೇಟೆಯಲ್ಲಿ ಹಿಂದಿ ಚಿತ್ರದ ಹೆಸರಾಂತ ನಟನೊಬ್ಬನಿಗೆ ಕೆಳಗಿನ ನ್ಯಾಯಾಲಯ 2018ರಲ್ಲಿ ಐದು ವರ್ಷ ವಿಧಿಸಿತು. ಅವನು ಮೇಲ್ಮನವಿ ಹಾಕಿಕೊಂಡ. ಇಪ್ಪತ್ತು ವರ್ಷ ಕೋರ್ಟು ಅಲೆಯಲು ಅವನಿಗೆ ಹಣವಿತ್ತು. ನಾಲ್ಕೆಕರೆಯ ಒಕ್ಕಲಿಗನಿಗೆ ಏನಿದೆ?

ಬರಿಯ ಸದ್ದಿಗಾದರೆ ಬಂದೂಕಿಗಿಂತ ಪಟಾಕಿ ಅಗ್ಗ ಎಂದಾಗ ಅವರು ಮೊದಲ ಸಲ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, ಕೆಲವರು ರಾತ್ರಿ ಲೈಟಿನ ತಂತಿಯನ್ನೇ ಬೇಲಿಗೆ ಕೊಡುತ್ತಾರಂತೆ, ಅದು ಹೇಗೆ ಎಂದರು. ಅದಕ್ಕೆ ನಾನು ಖಡಾಖಂಡಿತವಾಗಿ ಬೇಡವೆಂದೆ. ಆ ತಂತಿ ಚಿಗರಿಯನ್ನೂ ಹಾಲು ಕರೆಯಲು ಹೊರಟ ಹೆಣ್ಣುಮಗಳನ್ನೂ ಬೇರೆಬೇರೆಯಾಗಿ ಗುರುತಿಸುವುದಿಲ್ಲ. ಸೋಲಾರ್ ಬೇಲಿ ಬೇರೆ. ಅದು ಚಿಟಿಕೆಯಷ್ಟು ಹೊತ್ತು ಝುಮ್ಮೆನಿಸಿ ಬಿಡುತ್ತದೆ, ಜೀವ ತೆಗೆಯುವುದಿಲ್ಲ. ಹೊಲದ ಸುತ್ತ ನಾಲ್ಕು ಸಾಲು ಕುಸುಬೆ ಹಾಕುವ ನಮ್ಮ ಹಿರಿಯರ ರೂಢಿಯನ್ನೂ ನೆನಪಿಸಿದೆ. ಮುಳ್ಳು ಬಲಿತ ಮೇಲೆ ದನವೂ ಅದರೊಳಗೆ ಮೂತಿ ತೂರುವುದಿಲ್ಲ. "ಕುಸುಬಿ ಬಲಿಯೂದರಾಗ ಕಡಲಿ ಹೋಗಿರ್ತದ್ರೀ" ಎಂದರು. ಅದೂ ನಿಜವೇ. ಮೊಳಕೆಯ ಒಂದು ತಿಂಗಳು ಅಟ್ಟದ ಮೇಲಿನ ಕಾವಲು ತಪ್ಪಿದ್ದಲ್ಲ. ಆ ನಿದ್ದೆಗೆ ಯಾವ ಸರಕಾರವೂ ಬೆಲೆ ಕಟ್ಟಿಲ್ಲ.

ಹೊಲದಲ್ಲಿ ಗೊರಸಿನ ಗುರುತುಗಳು ಸ್ಪಷ್ಟವಾಗಿದ್ದವು. ಕಡಲೆಯ ಚಿಗುರೆಲ್ಲ ಕತ್ತರಿಸಿಟ್ಟಂತೆ. ಉಳಿದ ದಾರಿ ಪರಿಹಾರದ್ದು. ಮಹಾರಾಷ್ಟ್ರದಲ್ಲಿ ಚಿಗರಿ ಮಾಡಿದ ಬೆಳೆಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆದರೆ ತಡಮಾಡದೆ ಅರ್ಜಿ ಕೊಡಬೇಕು, ಗುರುತು ಅಳಿಯುವ ಮೊದಲು ಪಂಚನಾಮೆ ಆಗಬೇಕು, ಸಾತಬಾರಾ ಉತಾರ ಜತೆಗಿರಬೇಕು. ಹಿಂದಿನ ಹಾನಿಗೆ ಅವರು ಅರ್ಜಿಯನ್ನೇ ಕೊಟ್ಟಿರಲಿಲ್ಲ. ಕೇಳಿದರೆ, "ಮರಾಠಿ ಬರಿಯಾಕ ಬರಂಗಿಲ್ರಿ" ಎಂದರು.

ಬದುವಿನ ಮೇಲೆ ಕುಳಿತು ಹುಡುಗ ಪಾಟಿಚೀಲದಿಂದ ವಹಿ ತೆಗೆದ. ತಂದೆ ಕನ್ನಡದಲ್ಲಿ ಹೇಳುತ್ತ ಹೋದರು, ಮಗ ಮರಾಠಿಯಲ್ಲಿ ಬರೆಯುತ್ತ ಹೋದ. ಕಡಲೆಗೆ ಹರಭರಾ ಎಂದು ತಾನೇ ಹಾಕಿದ. ಚಿಗರಿಯ ಹತ್ತಿರ ಲೇಖನಿ ನಿಂತಿತು. "ಹರೀಣ ಅಂತ ಬರೀಲ್ಯಾ, ಕಾಕಾ?" ಹರೀಣವೆಂದರೆ ಯಾವ ಜಿಂಕೆಯೂ ಆಗಬಹುದು, ಕಾಳವೀಟ ಎಂದು ಬರೆ ಎಂದೆ. ಅವನು ಆ ಶಬ್ದವನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಬರೆದ. ಆಮೇಲೆ ಗಟ್ ನಂಬರು, ಹಾನಿಯಾದ ಕ್ಷೇತ್ರ, ತಾರೀಖು. ತಂದೆ ಕೆಳಗೆ ಕನ್ನಡದಲ್ಲಿ ಸಹಿ ಮಾಡಿದರು.