ಸಾರಥಿಯ ಮೂರು ಪ್ರಶ್ನೆಗಳು

ವಾರ್ತೆಯೆಂದೊಡನೆ ಅಚ್ಚಿನ ಕಾಗದವು ಮನಸ್ಸಿಗೆ ಬರುವುದು ಸಹಜವೇ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಹೊರಟಿತು. ಆದರೆ ಅಕ್ಷರವರಿಯದ ಹಳ್ಳಿಗರು ಸುದ್ದಿಯನ್ನು ಕೇಳುವ ಕ್ರಮವನ್ನು ಕಲಿತದ್ದು ಪತ್ರಿಕೆಯಿಂದಲ್ಲ, ಊರ ಮುಂದಿನ ಬಯಲಾಟದಿಂದ.

ಅರಸೀಕೆರೆಯ ಸುತ್ತಣ ನಾಡು ಮೂಡಲಪಾಯದ ನಾಡು. ಅಲ್ಲಿ ರಾಜನೇ ಆಗಲಿ, ರಕ್ಕಸನೇ ಆಗಲಿ, ರಂಗಕ್ಕೆ ಬಂದ ಮಾತ್ರಕ್ಕೆ ಅವನ ಮಾತಿಗೆ ಮನ್ನಣೆಯಿಲ್ಲ. ಸಾರಥಿಯು ಎದುರು ನಿಂತು, ತಾವು ಯಾರು, ತಮ್ಮ ಸ್ಥಳವಾವುದು, ಈ ಸಭೆಗೆ ಬಂದ ಕಾರಣವೇನು ಎಂದು ವಿಚಾರಿಸುವನು. ಉತ್ತರವು ದೊರೆತ ಮೇಲೆಯೇ ಕಥೆಯು ಮುಂದುವರಿಯುವುದು. ಒಳ್ಳೆಯ ವರದಿಗಾರನು ಕೇಳತಕ್ಕ ಪ್ರಶ್ನೆಗಳೂ ಇವೇ ಅಲ್ಲವೆ?

ಸಂಸ್ಕೃತ ನಾಟಕದಲ್ಲಿಯೂ ಇಂಥದೊಂದು ಏರ್ಪಾಡುಂಟು. ಯುದ್ಧ, ಮರಣ ಮೊದಲಾದವನ್ನು ಅಂಕದಲ್ಲಿ ತೋರಿಸಬಾರದೆಂದು ನಾಟ್ಯಶಾಸ್ತ್ರದ ವಿಧಿ. ಅವು ಪ್ರವೇಶಕಾದಿಗಳಲ್ಲಿ ಪಾತ್ರಗಳ ಬಾಯಿಂದ ತಿಳಿಯತಕ್ಕವು. ತಾನು ಕಾಣದುದನ್ನು ಬಲ್ಲವನ ಮಾತಿನಿಂದ ಅರಿಯುವುದೇ ವಾರ್ತೆಯ ತಿರುಳು.

ಮುಂದೆ ಕಂಪೆನಿ ನಾಟಕಗಳ ಕಾಲ ಬಂದಿತು. 1884ರಲ್ಲಿ ಹುಟ್ಟಿದ ನಾಟಕ ಮಂಡಲಿಗೆ ಹೆಸರಿತ್ತ ಗುಬ್ಬಿಯೂ ಅರಸೀಕೆರೆಯೂ ಒಂದೇ ರೈಲುದಾರಿಯ ಮೇಲಿನ ಊರುಗಳು. ಕಂಪೆನಿಗಳ ಕರಪತ್ರದಲ್ಲಿ ನಾಟಕದ ಹೆಸರು, ದಿನ, ಹೊತ್ತು, ಟಿಕೀಟಿನ ದರ ಎಲ್ಲವೂ ಅಚ್ಚಾಗಿರುತ್ತಿದ್ದುವು. ಓದಬಲ್ಲವನೊಬ್ಬನು ಗಟ್ಟಿಯಾಗಿ ಓದಿದರೆ ಹತ್ತು ಮಂದಿಗೆ ತಿಳಿಯುವುದು. ಕಾಗದವು ಆಡಿದ ಮಾತು ನಿಜವೋ ಬರಿಯ ಬಡಾಯಿಯೋ ಎಂಬುದು ಅಂದಿನ ರಾತ್ರಿಯೇ ಗೊತ್ತಾಗುವುದು. ಅಚ್ಚಾದುದನ್ನೂ ಒರೆಗೆ ಹಚ್ಚಬೇಕೆಂಬ ಪಾಠವನ್ನು ಆ ತುಂಡುಕಾಗದವು ಕಲಿಸಿತು.

ದೂರದ ಲಂಡನಿನಲ್ಲಿಯೂ ಇದೇ ಪಾಠ. ಅಲ್ಲಿ ಅಚ್ಚಿನ ಸುದ್ದಿಯು ಇನ್ನೂ ಎಳೆಯದಾಗಿದ್ದ 1626ರ ಸುಮಾರಿನಲ್ಲಿಯೇ ಬೆನ್ ಜಾನ್ಸನನು ಸುದ್ದಿ ಮಾರುವ ಕಚೇರಿಯೊಂದನ್ನು ರಂಗಕ್ಕೆ ತಂದು, ಹೊಸದೆಂದು ಹೇಳಿದುದನ್ನೆಲ್ಲ ಕೊಳ್ಳುವವರನ್ನು ನಗೆಗೀಡುಮಾಡಿದನು.

ಇಂದು ವಾರ್ತೆಯು ಅಂಗೈಯ ಫೋನಿಗೇ ಬರುವುದು. ಬಂದುದು ಕ್ಷಣಮಾತ್ರದಲ್ಲಿ ನೂರು ಕೈಗಳಿಗೆ ದಾಟುವುದು. ನಡುವೆ ಸಾರಥಿಯಿಲ್ಲ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿರುವರೆಂಬ ಸುಳ್ಳು ಸುದ್ದಿಯನ್ನು ನಂಬಿದ ಗುಂಪು ಪರಸ್ಥಳದಿಂದ ಬಂದಿದ್ದವನೊಬ್ಬನನ್ನು ಹೊಡೆದು ಕೊಂದಿತು. ನೀನು ಯಾರು, ಎಲ್ಲಿಂದ ಬಂದೆ, ಏಕೆ ಬಂದೆ ಎಂದು ಆ ಸುದ್ದಿಯನ್ನೇ ತಡೆದು ಕೇಳಿದ್ದರೆ ಒಂದು ಜೀವವು ಉಳಿಯುತ್ತಿತ್ತೇನೊ!

ಬಯಲಾಟದ ಸಾರಥಿಯು ಇನ್ನು ಓದುವವನ ಮನಸ್ಸಿನಲ್ಲಿಯೇ ವೇಷ ಕಟ್ಟಬೇಕು. ಅವನ ಪ್ರಶ್ನೆಗೆ ಉತ್ತರ ಕೊಡಲಾರದ ಮಾತನ್ನು ತೆರೆಯ ಹಿಂದಕ್ಕೆ ಕಳುಹಿಸುವುದೇ ಲೇಸು.