ಸವಾಲಿಗೆ ಮುನ್ನ ಮೂಲಪತ್ರ

ನಿವೃತ್ತಿಯ ಹಣದಲ್ಲಿ ನೀಲಗಿರಿಯಲ್ಲೊಂದು ಮನೆ ಮಾಡಿಕೊಳ್ಳಬೇಕೆಂಬ ಆಸೆ ನಮ್ಮ ಅನೇಕ ಕುಟುಂಬಗಳಲ್ಲಿದೆ. ಬ್ಯಾಂಕಿನ ಹರಾಜು ಪ್ರಕಟಣೆಯಲ್ಲಿ ಕಡಿಮೆ ಬೆಲೆ ಕಂಡಾಗ ಮನಸ್ಸು ಅತ್ತ ಹರಿಯುವುದು ಸಹಜ. ಅಂಥ ಪ್ರಕಟಣೆಯನ್ನು ಹಿಡಿದು ಬರುವ ಮಿತ್ರರಿಗೆ ನಾನು ಹೇಳುವುದು ಒಂದೇ ಮಾತು: ಬೆಲೆಗೆ ಮೊದಲು ಷರತ್ತನ್ನು ಓದಿರಿ.

2002ರ ಸರ್ಫೇಸಿ ಕಾಯಿದೆಯ ಹರಾಜುಗಳಲ್ಲಿ ಸ್ವತ್ತನ್ನು ‘ಇದ್ದಲ್ಲಿ, ಇದ್ದಂತೆ’ ಮಾರುತ್ತಾರೆ. ಸಾಲಗಾರನಿಗಿಲ್ಲದ ಹಕ್ಕು ಕೊಂಡವನಿಗೆ ಬಾರದು. ಸವಾಲು ನಮ್ಮ ಹೆಸರಿಗೆ ನಿಂತರೆ ಬೆಲೆಯ ಕಾಲುಭಾಗವನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಉಳಿದುದನ್ನು ಮಾರಾಟ ಸ್ಥಿರವಾದ 15 ದಿನಗಳೊಳಗೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಆದುದರಿಂದ ಶೋಧನೆಯೆಲ್ಲವೂ ಸವಾಲಿಗೆ ಮುನ್ನವೇ ಮುಗಿದಿರಬೇಕು.

ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಇಲ್ಲಿನವರು ‘ವಿಲ್ಲಂಗಂ’ ಎನ್ನುವ ಋಣಭಾರದ ವಿವರವನ್ನು ತಮಿಳುನಾಡು ನೋಂದಣಿ ಇಲಾಖೆಯ ಜಾಲತಾಣದಲ್ಲಿ ಶುಲ್ಕವಿಲ್ಲದೆ ನೋಡಬಹುದು. ಪಟ್ಟಾ, ಚಿಟ್ಟಾಗಳೂ ಹಾಗೆಯೇ ದೊರೆಯುತ್ತವೆ. ಸಾಲಗಾರನ ಹೆಸರಿನಲ್ಲಿ ವ್ಯಾಜ್ಯವಿದೆಯೇ ಎಂಬುದನ್ನು ನ್ಯಾಯಾಲಯಗಳ ಜಾಲತಾಣದಲ್ಲಿ ಹುಡುಕಬಹುದು.

ಆದರೆ ವಿಲ್ಲಂಗದಲ್ಲಿ ಕಾಣುವುದು ನೋಂದಾಯಿತ ಪತ್ರಗಳು ಮಾತ್ರ. ನೋಂದಾಯಿಸದ ಉಯಿಲು, ಬಾಯಿಮಾತಿನ ಬಾಡಿಗೆ, ದಾಯಾದಿಗಳ ತಕರಾರು ಅಲ್ಲಿ ಕಾಣವು. ಪಟ್ಟಾ ಕಂದಾಯದ ದಾಖಲೆ. ಒಡೆತನಕ್ಕೆ ಅದೊಂದೇ ಸಾಲದು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಕೇಳಿ ನೋಡಬೇಕು. ಕನಿಷ್ಠ 30 ವರ್ಷಗಳ ಹಿಂದಿನವರೆಗೆ ಕೈಬದಲಾವಣೆಯ ಕೊಂಡಿಗಳನ್ನು ಜೋಡಿಸಬೇಕು. ನಡುವೆ ತಪ್ಪಿದ ಪತ್ರದ ನಕಲನ್ನು ಉಪನೋಂದಣಾಧಿಕಾರಿಯ ಕಚೇರಿಯಿಂದ ಪಡೆಯಬಹುದು. ಪತ್ರಗಳು ಬಹುಮಟ್ಟಿಗೆ ತಮಿಳಿನಲ್ಲಿರುವುದರಿಂದ, ಓದಲಾರದವರು ಬಲ್ಲವರಿಂದ ಸಾಲುಸಾಲಾಗಿ ಓದಿಸಿಕೊಳ್ಳಬೇಕು. ಹೀಗೆ ಎಲ್ಲವನ್ನೂ ಅಣಿಗೊಳಿಸಿಕೊಂಡು ಕೊನೆಗೆ ವಕೀಲರ ಬಳಿಗೆ ಹೋದರೆ ಅವರ ಶ್ರಮವೂ ನಮ್ಮ ವೆಚ್ಚವೂ ತಗ್ಗುತ್ತವೆ. ಆ ಶುಲ್ಕವನ್ನು ಮಾತ್ರ ಉಳಿಸಲು ಹೋಗಬಾರದು.

ನಮ್ಮ ಜಿಲ್ಲೆಯ ನೆಲಕ್ಕೆ ಅದರದೇ ಇತಿಹಾಸವೂ ಉಂಟು. ಗೂಡಲೂರಿನ ಬಹಳಷ್ಟು ಭೂಮಿ ಒಂದು ಕಾಲಕ್ಕೆ ನಿಲಂಬೂರು ಕೋವಿಲಕದ ಜನ್ಮಂ ಭೂಮಿ. ಅದನ್ನು ರೈತವಾರಿಗೆ ತರುವ ಕಾಯಿದೆ 1969ರಲ್ಲಿ ಬಂದರೂ ಹಲವು ಜಮೀನುಗಳ ವಿವಾದ ಇಂದಿಗೂ ಬಗೆಹರಿದಿಲ್ಲ. ಮಸಿನಗುಡಿಯ ಕಡೆ ಸೀಗೂರು ಪ್ರಸ್ಥಭೂಮಿಯ ಆನೆಪಥವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ಕ್ರಯಪತ್ರ ಶುದ್ಧವಾಗಿದ್ದರೂ ಅಂಥ ಕಡೆ ಕಟ್ಟಡಕ್ಕೆ ನೆಲೆಯಿರದು. ಆದಕಾರಣ ಸರ್ವೆ ನಂಬರನ್ನು ಕಂದಾಯ, ಅರಣ್ಯ ಕಚೇರಿಗಳೆರಡರಲ್ಲಿಯೂ ವಿಚಾರಿಸಬೇಕು. ಸ್ಥಳಕ್ಕೆ ಹೋಗಿ ಅಕ್ಕಪಕ್ಕದವರೊಡನೆ ಮಾತನಾಡಬೇಕು.

ಇಷ್ಟಾದ ಮೇಲೂ ಒಂದು ಕೊಂಡಿ ಕಾಣದಿದ್ದರೆ ಹರಾಜನ್ನು ಬಿಟ್ಟುಬಿಡುವುದೇ ಲೇಸು. ಇನ್ನೊಂದು ಹರಾಜು ಬಂದೇ ಬರುತ್ತದೆ. ಒಂದು ಜೀವಮಾನದ ದುಡಿಮೆ ಮತ್ತೆ ಬಾರದು.