ನೂರು ಸಲ ಎಂದಿದ್ದೆ

1983ರಲ್ಲಿ ನಾನು ಮೂಡಲಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಆ ಆಗಸ್ಟಿನಲ್ಲಿ ಅಮೆರಿಕದ ಷಟಲ್ ನೌಕೆ ‘ಚಾಲೆಂಜರ್’ ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಹೊತ್ತೊಯ್ದು ಬಾಹ್ಯಾಕಾಶದಲ್ಲಿ ಬಿಟ್ಟು ಬಂತು. ಮುಂದೆ ಉಪಗ್ರಹದ ಹಗ್ಗ ಹಿಡಿದದ್ದು ನಮ್ಮ ಹಾಸನದ ಕೇಂದ್ರ. ಆ ಹುರುಪಿನಲ್ಲಿ ಕರಿಹಲಗೆಯ ಮೇಲೆ ಬಿಳಿ ನೌಕೆಯೊಂದನ್ನೇ ಬರೆದು, “ಉಳಿದ ರಾಕೆಟ್ಟು ಒಂದೇ ಸಲಕ್ಕೆ ಮುಗಿಯುತ್ತವೆ. ಇದು ಗೋಕಾಕದ ಬಸ್ಸಿನ ಹಾಗೆ ಹೋಗಿ ಬರುತ್ತದೆ, ನೂರು ಸಲ!” ಎಂದು ಪಾಠ ಮಾಡಿದ್ದೆ.

2011ರ ಜುಲೈ 21ರಂದು ‘ಅಟ್ಲಾಂಟಿಸ್’ ಕೊನೆಯ ಸಲ ಇಳಿಯಿತು. ಆ ವಾರವೇ, ಹುಕ್ಕೇರಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ ಗೋಕಾಕದ ನಮ್ಮ ಮನೆಗೆ ಬಂದ.

“ಸರ, ನೂರು ಸಲ ಅಂದಿದ್ರಿ. ಎಲ್ಲಾಕಿಂತ ಹೆಚ್ಚು ಹಾರಿದ ‘ಡಿಸ್ಕವರಿ’ನೂ 39 ಸಲನ ಹಾರೇತಿ. ಗಾಡಿ ಗಟ್ಟಿ ಐತೆಲ್ರಿ, ಯಾಕ ಮ್ಯೂಸಿಯಮ್ಮಿಗೆ ಹಾಕ್ತಾರ?”

1986ರಲ್ಲಿ ಚಾಲೆಂಜರ್, 2003ರಲ್ಲಿ ಕೊಲಂಬಿಯಾ ಎರಡೂ ಸೇರಿ 14 ಜನ ಸತ್ತರು, ಅವರಲ್ಲಿ ನಮ್ಮ ಕಲ್ಪನಾ ಚಾವ್ಲಾ ಒಬ್ಬರು ಎಂದೆ.

“ಅಪಘಾತ ಆತಂತ ಬಸ್ ಬಂದ್ ಮಾಡ್ತಾರೇನ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಪಾಠ ಮಾಡಿದವನೇ ಮತ್ತೆ ಓದಲು ಕೂತೆ.

ನಾನು ಹಲಗೆಯ ಮೇಲೆ ಬರೆಯದೆ ಬಿಟ್ಟದ್ದೇ ಮುಖ್ಯ ಸಂಗತಿಯಾಗಿತ್ತು. ಅದು ನೌಕೆಯ ಹೊಟ್ಟೆಗೆ ಅಂಟಿಕೊಂಡಿದ್ದ, 47 ಮೀಟರ್ ಉದ್ದದ ಕಿತ್ತಳೆ ಬಣ್ಣದ ಇಂಧನದ ಟ್ಯಾಂಕು. ಹಾರಿದ ಎಂಟೂವರೆ ನಿಮಿಷಕ್ಕೆಲ್ಲ ಅದು ಬರಿದಾಗಿ ಕಳಚಿ, ಚೂರುಚೂರಾಗಿ ಕಡಲಿಗೆ ಬೀಳುತ್ತಿತ್ತು. ಪ್ರತಿ ಹಾರಾಟಕ್ಕೂ ಹೊಸದು ಬೇಕು. ಕೊಲಂಬಿಯಾದ ರೆಕ್ಕೆಗೆ ಬಡಿದು ತೂತು ಮಾಡಿದ್ದೂ ಈ ಟ್ಯಾಂಕಿನಿಂದ ಕಿತ್ತು ಬಂದ ಫೋಮಿನ ತುಂಡೇ. 2010ರ ಆಚೆಗೂ ಹಾರಿಸುವುದಾದರೆ ಮೊದಲು ನೌಕೆಯ ಬಿಡಿಭಾಗಗಳಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಪರೀಕ್ಷಿಸಿ ಯೋಗ್ಯ ಎಂದು ದೃಢಪಡಿಸಿಕೊಳ್ಳಿ ಎಂದಿತು ತನಿಖಾ ಮಂಡಳಿ. ಸರ್ಕಾರ 2004ರ ಜನವರಿಯಲ್ಲಿ ಬೇರೆ ದಾರಿ ಹಿಡಿಯಿತು: ಅಂತರಿಕ್ಷ ನಿಲ್ದಾಣ ಕಟ್ಟಿ ಮುಗಿಸಿ, ಷಟಲ್ ನಿಲ್ಲಿಸುವುದು.

ನಿಲ್ಲಿಸುವುದೆಂದ ಮೇಲೆ ಬಿಡಿಭಾಗ ಯಾರು ಮಾಡುತ್ತಾರೆ? ಒಂದೊಂದಾಗಿ ಗುತ್ತಿಗೆಗಳು ಮುಗಿದವು, ಕೈ ಪಳಗಿದ ಕೆಲಸಗಾರರು ಮನೆಗೆ ಹೋದರು. 2010ರಲ್ಲಿ ಟ್ಯಾಂಕು ತಯಾರಿಕೆಯೂ ನಿಂತಿತು. “ಇನ್ನೂ ಐದು ವರ್ಷ ಹಾರಿಸಿ” ಎಂದು ಕೆಲವರು ಕೂಗಿದರು. ಹೊತ್ತು ಮೀರಿತ್ತು. ಮೂರು ನೌಕೆಗಳು ಗಟ್ಟಿಯಾಗಿಯೇ ನಿಂತಿದ್ದವು, ತಗಲಿಸಲು ಟ್ಯಾಂಕಿಲ್ಲ.

ಇದನ್ನು ಹೇಳಲೆಂದೇ ಹುಕ್ಕೇರಿಗೆ ಹೋದೆ. ಅವನ ಅಂಗಡಿಯ ಮುಂದೆ ಬೇವಿನ ಗಿಡದ ಕೆಳಗೆ ಹಳೆಯ ಟ್ರ್ಯಾಕ್ಟರೊಂದು ನಿಂತಿತ್ತು. ಎಂಜಿನ್ ಚಲೋ ಇದೆ, ಒಂದು ಗೇರು ಸಿಗುತ್ತಿಲ್ಲ, ಕಂಪನಿ ಮಾಡುವುದನ್ನೇ ಬಿಟ್ಟಿದೆ ಎಂದ. ನಾಸಾದವರು ಬೂಸ್ಟರ್ ಪರೀಕ್ಷಿಸುವ ಯಂತ್ರಕ್ಕೆ 8086 ಎಂಬ ಹಳೆಯ ಚಿಪ್ಪು ಸಿಗದೆ, ಹಳೆಯ ಆಸ್ಪತ್ರೆ ಉಪಕರಣಗಳನ್ನು ಕೊಂಡು ಅವುಗಳೊಳಗಿನದನ್ನು ಕಿತ್ತುಕೊಂಡ ಸುದ್ದಿ 2002ರಲ್ಲೇ ಬಂದಿತ್ತು ಎಂದೆ. ಅವನಿಗೆ ನಗು ತಡೆಯಲಿಲ್ಲ.

“ಹಂಗಾರ ಅವ್ರೂ ಗುಜರಿಗೆ ಬಂದಿದ್ರು ಅನ್ರಿ ಸರ!”

ಆಮೇಲೆ ಒಂಬತ್ತನೆಯ ಇಯತ್ತೆಯ ಮಗಳನ್ನು ಕರೆದು, “ಸರ, ಈಕಿಗೂ ಹೇಳ್ರಿ” ಎಂದ. ಸೀಮೆಸುಣ್ಣ ಇಸಿದುಕೊಂಡು ಅಂಗಡಿಯ ಫರಸಿಯ ಮೇಲೆ ಚಿತ್ರ ಬರೆಯತೊಡಗಿದೆ, ಟ್ಯಾಂಕಿನಿಂದ.